ಹಿಟ್ಟಿನ ಬಕೆಟ್ಟು, ನನ್ನ ಸೊಂಟ

ಮುಂಬೈಯ ಮಾಟುಂಗಾದ ಒಂದು ಹೋಟೆಲಿನಲ್ಲಿ 19 ವರ್ಷದಿಂದ ದೋಸೆ ಕಾವಲಿ ಮುಂದೆ ನಿಂತವನು ನಾನು. ಸೊಂಟ ನೋವು ಶುರುವಾದಾಗ ಮೊದಲು ಬಾಮು ತಿಕ್ಕಿದೆ. ಆಮೇಲೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ನುಂಗಿದೆ. ಹೊಟ್ಟೆ ಉರಿ ತಡೆಯಲಾಗದೆ ಡಾಕ್ಟರ ಹತ್ತಿರ ಹೋದರೆ ಟ್ರಮಡಾಲ್ ಅನ್ನುವ ಬೇರೆ ನೋವಿನ ಮಾತ್ರೆ ಬರೆದುಕೊಟ್ಟರು.

ಸುಳ್ಳು ಯಾಕೆ ಹೇಳಲಿ, ಮೊದಲ ವಾರ ಸ್ವರ್ಗ. ಎರಡು ತಿಂಗಳಾಗುವಷ್ಟರಲ್ಲಿ ಒಂದು ಮಾತ್ರೆ ಸಾಲದೆ ಬಂತು. ಮಲಬದ್ಧತೆ, ಮಂಪರು ಬೇರೆ. ಒಂದು ಭಾನುವಾರ ಬೆಳಗ್ಗಿನ ರಶ್ಶಿನಲ್ಲಿ ಕಾವಲಿಗೆ ನೀರು ಚಿಮುಕಿಸಿದೆ. ಹಬೆ ಎದ್ದಿತು, ಜೊತೆಗೆ ತಲೆಯೂ ತಿರುಗಿತು. ಬೀಳಬಾರದು ಅಂತ ಕೈ ಊರಿದ್ದು ಕಾವಲಿಯ ಅಂಚಿಗೇ. ಸುಟ್ಟ ಕಲೆ ಇನ್ನೂ ಇದೆ.

ಟ್ರಮಡಾಲ್ ಅಫೀಮಿನ ಜಾತಿಯ ಔಷಧಿ ಅಂತ ನನಗೆ ಗೊತ್ತಾದದ್ದೇ ಆಮೇಲೆ. 2018ರಲ್ಲಿ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾನೂನಿನ ಕೆಳಗೆ ತಂದಿದೆ. ಚೀಟಿ ಇಲ್ಲದೆ ಕೊಡಲ್ಲ ಅಂದ ಮೆಡಿಕಲ್ಲಿನ ಹುಡುಗನ ಮೇಲೆ ನಾನು ರೇಗಿದ್ದೂ ಉಂಟು.

ಇನ್ನೊಬ್ಬ ಡಾಕ್ಟರು ಫಿಸಿಯೋಥೆರಪಿಗೆ, ಅಂದರೆ ಕಸರತ್ತಿನ ಚಿಕಿತ್ಸೆಗೆ ಕಳಿಸಿದರು. ನಮ್ಮ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾದದ್ದು ಇದೇ ಮುಂಬೈಯ ಪರೇಲ್‌ನಲ್ಲಿ, 1953ರಲ್ಲಿ. ನಮಗೆ ಮಾತ್ರ ಅದು ಕ್ರಿಕೆಟ್ ಆಡುವವರಿಗೆ ಅಂತ ಲೆಕ್ಕ, ಅಲ್ವಾ?

ಮಷೀನು ಹಚ್ಚುತ್ತಾರೆ ಅಂದುಕೊಂಡು ಹೋಗಿದ್ದೆ. ಅಲ್ಲಿನ ಫಿಸಿಯೋಥೆರಪಿ ಹುಡುಗಿ ಮರಾಠಿಯಲ್ಲಿ ಕೇಳಿದ್ದೇ ಬೇರೆ: "ಕಾಕಾ, ಡೋಸಾ ಕಸಾ ಕರ್ತಾ ತೇ ದಾಖವಾ." ದೋಸೆ ಹೇಗೆ ಮಾಡ್ತೀರಿ ತೋರಿಸಿ ಅಂತ. ಖಾಲಿ ಕೋಣೆಯಲ್ಲಿ ಇಲ್ಲದ ಕಾವಲಿ ಮುಂದೆ ನಿಂತು ಹಿಟ್ಟು ಹೊಯ್ದು ತೋರಿಸಿದೆ. ಬಲಕ್ಕೆ ತಿರುಗಿ, ಬಗ್ಗಿ, ನೆಲದ ಮೇಲಿನ ಬಕೆಟ್ಟಿನಿಂದ ಹಿಟ್ಟು ತೆಗೆಯುವ ಹೊತ್ತಿಗೆ "ಥಾಂಬಾ", ನಿಲ್ಲಿ, ಅಂದಳು. ದಿನಕ್ಕೆ ಎಷ್ಟು ಸಲ ಹೀಗೆ ಬಗ್ಗುತ್ತೀರಿ ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಣಿಸಿದವರು ಯಾರು?

ಹೇಳಿಕೊಟ್ಟದ್ದು ಸುಲಭದ್ದೇ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತುವುದು, 10 ಸಲ. ಆಮೇಲೆ ಅಂಬೆಗಾಲಿನಲ್ಲಿ ನಿಂತು ಬಲಗೈ, ಎಡಗಾಲು ಒಟ್ಟಿಗೆ ಚಾಚುವುದು. ಮಧ್ಯಾಹ್ನ ಹೋಟೆಲು ತಣ್ಣಗಾದ ಮೇಲೆ, ಹುಡುಗರು ಮಲಗುವ ಅಟ್ಟದಲ್ಲಿ ಚಾಪೆ ಹಾಸಿ ಮಾಡುತ್ತಿದ್ದೆ. "ಭಟ್ರು ಆನೆ ಆಗಿದ್ದಾರೆ" ಅಂತ ನಗುತ್ತಿದ್ದರು.

ಮೊದಲ ಎರಡು ವಾರ ನೋವು ಜಾಸ್ತಿಯೇ ಆಯಿತು. ಬಿಟ್ಟುಬಿಡೋಣ ಅನ್ನಿಸಿತ್ತು. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಹತ್ತಕ್ಕೆ ಎಷ್ಟು ನೋವು ಅಂತ ದಿನಾ ಬರೆಯಲು ಹೇಳಿದ್ದಳು. ಎಂಟು, ಎಂಟು, ಏಳು, ಮತ್ತೆ ಎಂಟು. ಆರನೇ ವಾರದಲ್ಲಿ ಮೊದಲ ಸಲ ನಾಲ್ಕು ಬಂತು.

ಮಾತ್ರೆಯನ್ನು ಒಮ್ಮೆಲೇ ಬಿಡಲಿಲ್ಲ, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಧಿಡೀರ್ ಬಿಟ್ಟರೆ ನಡುಕ, ಬೆವರು, ನಿದ್ದೆಗೇಡು ಅಂತ ಮೊದಲೇ ಎಚ್ಚರಿಸಿದ್ದರು. ಇನ್ನೊಂದು ಮಾತು: ಕಾಲಿನ ಬಲ ಹೋದರೆ, ಮೂತ್ರ ಹಿಡಿತ ತಪ್ಪಿದರೆ ಕಸರತ್ತು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ನೋವು ಪೂರ್ತಿ ಹೋಗಿಲ್ಲ. ಗಣಪತಿ ಹಬ್ಬದ ಗಿರಾಕಿ ಮುಗಿದ ರಾತ್ರಿ ಐದಕ್ಕೆ ಏರುತ್ತದೆ, ಮಾಮೂಲಿ ದಿನ ಎರಡು. ಬಕೆಟ್ಟು ಈಗ ಸೋಡಾ ಕ್ರೇಟಿನ ಮೇಲೆ, ಸೊಂಟದ ಎತ್ತರಕ್ಕೆ ಕೂತಿದೆ. ಮೊನ್ನೆ ಹೊಸ ಹುಡುಗ ನೆಲ ಒರೆಸಿ ಅದನ್ನು ಕೆಳಗೇ ಬಿಟ್ಟಿದ್ದ. "ಮೇಲಿಡು ಮಾರಾಯ, ಮೊದಲು ಅದನ್ನು ಮೇಲಿಡು!" ಅಂತ ನಾನು ಕೂಗಿದ್ದು ಗಲ್ಲಾಪೆಟ್ಟಿಗೆವರೆಗೂ ಕೇಳಿಸಿತಂತೆ.