ಪಿಗ್ಮಿ ಅಂತ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ: ಹೆಲ್ಪ್ ಪುಟ ಸರಿ ಮಾಡಿದ ನನ್ನ ಅನುಭವ

ಹೋದ ಮಾರ್ಚ್‌ನಲ್ಲಿ ನಮ್ಮ ಸಪೋರ್ಟ್ ಫೋನಿಗೆ ಬಂದ ಕರೆ ಸುಮಾರು 520. ಅದರ ಹಿಂದಿನ ಮಾರ್ಚ್‌ನಲ್ಲಿ 900ರ ಮೇಲಿತ್ತು. ಗ್ರಾಹಕರು ಕಡಿಮೆಯಾಗಿಲ್ಲ, ಹತ್ತಿಪ್ಪತ್ತು ಸೊಸೈಟಿ ಜಾಸ್ತಿಯೇ ಆಗಿವೆ. ಸಾಫ್ಟ್‌ವೇರ್‌ನಲ್ಲೂ ದೊಡ್ಡ ಬದಲಾವಣೆ ಇಲ್ಲ. ಬದಲಾದದ್ದು ಹೆಲ್ಪ್ ಪುಟಗಳು ಮಾತ್ರ. "ಅದನ್ನೆಲ್ಲ ಯಾರು ಓದ್ತಾರೆ ಮಾರಾಯ, ಫೋನ್ ಉಂಟಲ್ಲ" ಅನ್ನುವ ಮಾತನ್ನು ಎರಡು ವರ್ಷ ಕೇಳಿದ್ದೇನೆ. ಈಗ ಬರೆಯುವ ಧೈರ್ಯ ಬಂದಿದೆ.

ನಮ್ಮ ಆಫೀಸು ಮಂಗಳೂರಿನ ಕದ್ರಿಯಲ್ಲಿ. ಸಹಕಾರಿ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಪುತ್ತೂರು, ಸುಳ್ಯ, ಕಾರ್ಕಳ, ಕುಂದಾಪುರದ ಕಡೆಯವರೇ ಹೆಚ್ಚು. ಹೆಲ್ಪ್ ಸೈಟಿನಲ್ಲಿ 140 ಚಿಲ್ಲರೆ ಪುಟ, ಎಲ್ಲ ಕನ್ನಡದಲ್ಲಿ, ಬರೆಯುವವನು ನಾನೊಬ್ಬನೇ. ಅನಲಿಟಿಕ್ಸ್ (ಪುಟಕ್ಕೆ ಎಷ್ಟು ಜನ ಬಂದರು, ಏನು ಮಾಡಿದರು ಅಂತ ಲೆಕ್ಕ ಇಡುವ ಟೂಲ್) ಹಾಕುವುದು ಹೇಗೆ ಅಂತ ನಿಮಗೆಲ್ಲ ಗೊತ್ತು, ಅದನ್ನು ಹೇಳುವುದಿಲ್ಲ. ಎಲ್ಲಿ ಹಣ ಹೋಯಿತು, ಎಲ್ಲಿ ದಾರಿ ತಪ್ಪಿತು, ಅದನ್ನು ಹೇಳುತ್ತೇನೆ.

ಮೊದಲ ತಪ್ಪು ಸಮಯದ ಲೆಕ್ಕ ನಂಬಿದ್ದು. ಬಾಕಿ ಪಟ್ಟಿ ತೆಗೆಯುವ ಪುಟದಲ್ಲಿ ಒಬ್ಬೊಬ್ಬರು ಸರಾಸರಿ ಆರು ನಿಮಿಷ ಇರುತ್ತಿದ್ದರು. ಜನ ಕೂತು ಓದುತ್ತಿದ್ದಾರೆ, ಇದೇ ನಮ್ಮ ಒಳ್ಳೆಯ ಪುಟ ಅಂತ ಮೀಟಿಂಗಿನಲ್ಲಿ ತೋರಿಸಿಯೂ ಬಿಟ್ಟೆ. ಸಪೋರ್ಟಿನಲ್ಲಿರುವ ಅಕ್ಕ ಆಮೇಲೆ ಬಂದು, "ಆ ಪುಟ ನೋಡಿದವರೇ ನನಗೆ ಜಾಸ್ತಿ ಫೋನ್ ಮಾಡುವುದು" ಅಂದರು. ನೋಡಿದರೆ ಮೂರನೇ ಹಂತದ ಬಟನ್ನಿನ ಹೆಸರು ಹೊಸ ವರ್ಷನ್‌ನಲ್ಲಿ ಬದಲಾಗಿತ್ತು, ಪುಟದಲ್ಲಿ ಹಳೆಯ ಚಿತ್ರವೇ ಇತ್ತು. ಜನ ಓದುತ್ತಿರಲಿಲ್ಲ, ಆ ಬಟನ್ ಹುಡುಕುತ್ತಿದ್ದರು. ಚಿತ್ರ ಬದಲಾಯಿಸಿದ ಮೇಲೆ ಸಮಯ ಎರಡು ನಿಮಿಷಕ್ಕಿಂತ ಕೆಳಗೆ ಇಳಿಯಿತು, ಕರೆಯೂ ಇಳಿಯಿತು. ಆನ್‌ಲೈನ್ ಅಂಗಡಿಯ ಪುಟಕ್ಕೂ ಹೆಲ್ಪ್ ಪುಟಕ್ಕೂ ಲೆಕ್ಕ ಬೇರೆ. ಇಲ್ಲಿ ಒಂದೇ ಪುಟ ನೋಡಿ ಬೇಗ ಹೊರಟು ಹೋದವರು ಬಹಳ ಸಲ ಕೆಲಸ ಮುಗಿಸಿಕೊಂಡು ಹೋದವರು.

ಎರಡನೆಯದು ಹಣದ ವಿಷಯ. ಜನ ಎಲ್ಲಿ ಕ್ಲಿಕ್ ಮಾಡುತ್ತಾರೆ, ಎಲ್ಲಿಯವರೆಗೆ ಕೆಳಗೆ ಹೋಗುತ್ತಾರೆ ಅಂತ ಬಣ್ಣದಲ್ಲಿ ತೋರಿಸುವ ಒಂದು ಟೂಲಿಗೆ ವರ್ಷದ ಹಣ ಒಟ್ಟಿಗೆ ಕಟ್ಟಿಸಿದೆ, 38 ಸಾವಿರದಷ್ಟು. ಎರಡು ತಿಂಗಳು ಬಣ್ಣ ನೋಡಿದೆ. ಯಾವ ಪುಟದಲ್ಲಿ ಏನು ಬರೆಯಬೇಕು ಅಂತ ಅದು ಹೇಳಲಿಲ್ಲ. ಅದೇ ಕೆಲಸವನ್ನು ಮೈಕ್ರೋಸಾಫ್ಟ್ ಕ್ಲಾರಿಟಿ ಪುಕ್ಕಟೆ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ 38 ಸಾವಿರದ ಮಾತು ಇವತ್ತಿಗೂ ನಮ್ಮ ಸರ್ ಎತ್ತುತ್ತಾರೆ, ಎತ್ತಲಿ, ಅವರ ಹಣ ಅದು.

ಇನ್ನೊಂದು, ನಮ್ಮ ಲೆಕ್ಕದಲ್ಲಿ ನಾವೇ ಇದ್ದೆವು. ಸಪೋರ್ಟಿನವರು ಫೋನಿನಲ್ಲಿ ಮಾತಾಡುವಾಗ ಹೆಲ್ಪ್ ಪುಟ ತೆರೆದು ಓದಿ ಹೇಳುತ್ತಾರಲ್ಲ, ಒಟ್ಟು ಭೇಟಿಯಲ್ಲಿ ಮೂರರಲ್ಲಿ ಒಂದು ಪಾಲು ಅದೇ ಆಗಿತ್ತು. ಜಿಎ4ನಲ್ಲಿ, ಅಂದರೆ ಗೂಗಲ್ ಅನಲಿಟಿಕ್ಸ್ 4ರಲ್ಲಿ, ಆಫೀಸಿನ ಐಪಿ (ಇಂಟರ್ನೆಟ್ ವಿಳಾಸ) ಕೊಟ್ಟು ನಮ್ಮ ಭೇಟಿಗಳನ್ನು ಬಿಡುವ ಫಿಲ್ಟರ್ ಹಾಕಿದೆ, ಒಂದು ತಿಂಗಳಾದರೂ ಏನೂ ಬದಲಾಗಲಿಲ್ಲ. ಆ ಫಿಲ್ಟರ್ ಶುರುವಿಗೆ ಟೆಸ್ಟಿಂಗ್‌ನಲ್ಲಿ ಇರುತ್ತದೆ, ನಾವೇ ಆಕ್ಟಿವ್ ಮಾಡಬೇಕು. ಮಾಡಿದೆ. ಅಷ್ಟರಲ್ಲಿ ಜೂನ್ ಬಂತು. ಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಹೊಸ ಐಪಿ ತೆಗೆದುಕೊಳ್ಳುತ್ತಿತ್ತು, ಫಿಲ್ಟರ್ ಸುಮ್ನೆ ಕೂತಿತ್ತು. ಕೊನೆಗೆ ಐಪಿ ಬಿಟ್ಟು, ನಮ್ಮ ಕಂಪ್ಯೂಟರುಗಳಲ್ಲಿ ಒಂದು ಕುಕಿ (ಬ್ರೌಸರಿನಲ್ಲಿ ಉಳಿಯುವ ಸಣ್ಣ ಗುರುತು) ಇಟ್ಟು ಅದಿದ್ದರೆ ಲೆಕ್ಕಕ್ಕೆ ಕಳಿಸುವುದೇ ಬೇಡ ಅಂತ ಮಾಡಿದೆವು.

ಮಾರ್ಚ್ ನಮಗೆ ದೊಡ್ಡ ತಿಂಗಳು, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಮಾರ್ಚನ್ನು ಮಾರ್ಚಿನ ಜೊತೆಗೇ ಹೋಲಿಸಬೇಕು, ಫೆಬ್ರವರಿ ಜೊತೆ ಅಲ್ಲ. ಹಾಗೆ ಹೋಲಿಸಲು ಜಿಎ4ನ ಎಕ್ಸ್‌ಪ್ಲೋರೇಶನ್ (ಬೇಕಾದ ಹಾಗೆ ವರದಿ ಮಾಡಿಕೊಳ್ಳುವ ಜಾಗ) ತೆರೆದರೆ ಎರಡು ತಿಂಗಳ ಆಚೆಗೆ ಏನೂ ಇಲ್ಲ! ಡೇಟಾ ಇಟ್ಟುಕೊಳ್ಳುವ ಅವಧಿ ಶುರುವಿಗೆ 2 ತಿಂಗಳು ಇರುತ್ತದೆ, 14 ತಿಂಗಳಿಗೆ ನಾವೇ ಏರಿಸಬೇಕು. ಹೋದದ್ದು ವಾಪಸ್ ಬರುವುದಿಲ್ಲ. ನಿಮ್ಮದನ್ನು ಇವತ್ತೇ ನೋಡಿಕೊಳ್ಳಿ.

ಈಗ ನಿಜವಾಗಿ ಕೆಲಸ ಮಾಡಿದ್ದಕ್ಕೆ ಬರುತ್ತೇನೆ: ಹುಡುಕಿಯೂ ಏನೂ ಸಿಗದ ಪದಗಳು. ಜನ ಏನು ಹುಡುಕಿದರು ಅಂತ ಜಿಎ4 ತಾನಾಗಿ ಹಿಡಿಯುತ್ತದೆ, ಆದರೆ ಉತ್ತರ ಸಿಕ್ಕಿತಾ ಅಂತ ಅದಕ್ಕೆ ಗೊತ್ತಿಲ್ಲ. ಉತ್ತರ ಸೊನ್ನೆ ಇದ್ದಾಗ ಬೇರೆ ಈವೆಂಟ್ (ಹೀಗಾಯಿತು ಅಂತ ಜಿಎ4ಗೆ ಹೋಗುವ ಒಂದು ದಾಖಲೆ) ಕಳಿಸುವ ಹಾಗೆ ನಮ್ಮ ಹುಡುಗನ ಹತ್ತಿರ ಮಾಡಿಸಿದೆ, ಅರ್ಧ ದಿನದ ಕೆಲಸ. ಮೊದಲ ವಾರದ ಪಟ್ಟಿಯಲ್ಲಿ ಮೇಲೆ ಇದ್ದ ಪದ "ಪಿಗ್ಮಿ". ನನಗೆ ಮೈ ಜುಂ ಅಂದಿತು. ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ತಂದ, ದಿನಾ ಸ್ವಲ್ಪ ಸ್ವಲ್ಪ ಹಣ ಕಟ್ಟುವ ಠೇವಣಿ ಯೋಜನೆ ಅದು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು, ಪದ ಮಾತ್ರ ಊರಿನ ಬಾಯಲ್ಲಿ ಉಳಿದಿದೆ. ನಮ್ಮ ಅಮ್ಮನೂ ಪಿಗ್ಮಿ ಅಂತಲೇ ಹೇಳುತ್ತಾರೆ. ನಾನು ಮಾತ್ರ ಆರು ಪುಟಗಳಲ್ಲಿ "ದೈನಂದಿನ ಠೇವಣಿ" ಅಂತ ಬರೆದು ಕೂತಿದ್ದೆ. ಹಾಗೆಯೇ "ಅವಧಿ ಮೀರಿದ ಸಾಲ" ಅಂತ ನಾನು ಬರೆದದ್ದನ್ನು ಅವರು "ಸುಸ್ತಿ" ಅಂತ ಹುಡುಕುತ್ತಿದ್ದರು. ಇಂಥ 40 ಪದ ಬದಲಾಯಿಸಿದ್ದಕ್ಕೇ ಸೊನ್ನೆ ಉತ್ತರಗಳು ಅರ್ಧಕ್ಕರ್ಧ ಇಳಿದವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವವರೂ ಬಹಳ. ಬಡ್ಡಿ ಅನ್ನುವುದನ್ನೇ ನಾಲ್ಕು ತರ ಬರೆಯುತ್ತಾರೆ, ಎಲ್ಲವನ್ನೂ ಪುಟದ ಹುಡುಕು ಪದಗಳಿಗೆ ಸೇರಿಸಿದೆ.

ಅದೇ ಪಟ್ಟಿಯಲ್ಲಿ ಅರ್ಥವಿಲ್ಲದ ಸಾಲುಗಳೂ ಇದ್ದವು, ಯಾವುದೋ ಯುರೋಪಿನ ಅಕ್ಷರಗಳ ಹಾಗೆ. ಬಾಟ್ (ತಾನಾಗಿ ಸೈಟು ಸುತ್ತುವ ಪ್ರೋಗ್ರಾಂ) ಇರಬೇಕು ಅಂತ ಎರಡು ತಿಂಗಳು ಅಳಿಸಿದೆ. ಒಂದು ದಿನ ಕಾರ್ಕಳದ ಕಡೆಯ ಸೊಸೈಟಿಗೆ ಟ್ರೈನಿಂಗಿಗೆ ಹೋದಾಗ ಅಲ್ಲಿನ ಮ್ಯಾನೇಜರ್ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪತ್ರದಿಂದ ಒಂದು ಪದ ಕಾಪಿ ಮಾಡಿ ನಮ್ಮ ಹುಡುಕು ಪೆಟ್ಟಿಗೆಯಲ್ಲಿ ಹಾಕಿದರು, ಅದೇ ಕಸ ಬಂತು! ಅದು ಬಾಟ್ ಅಲ್ಲ, ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಹಳೆಯ ಫಾಂಟಿನ ಕನ್ನಡ. ಈಗ ಅಂಥದ್ದು ಬಂದರೆ ಮೊದಲು ಯೂನಿಕೋಡಿಗೆ ತಿರುಗಿಸಿ ಆಮೇಲೆ ಹುಡುಕುತ್ತೇವೆ. ಅದು ನುಡಿಯದ್ದೇ ಅಂತ ಗುರುತು ಹಿಡಿಯಲು ನಾನೊಂದು ಉಪಾಯ ಮಾಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮತ್ತೆ, ಜನ ಆ ಪೆಟ್ಟಿಗೆಯಲ್ಲಿ ಸದಸ್ಯರ ಖಾತೆ ನಂಬರು, ಮೊಬೈಲ್ ನಂಬರು ಕೂಡ ಹಾಕುತ್ತಾರೆ. ಉದ್ದದ ಅಂಕಿಗಳನ್ನು ಅಳಿಸಿಯೇ ಹೊರಗೆ ಕಳಿಸಿ, ಅದು ಬೇರೆಯವರ ಹಣದ ವಿಷಯ.

ಓದುಗರ ಅಭಿಪ್ರಾಯ ಕೇಳುವುದರಲ್ಲಿ ಮೂರು ಸಲ ಸೋತೆ. ನಕ್ಷತ್ರ ಕೊಡಿ ಅಂದರೆ ಯಾರೂ ಕೊಡಲಿಲ್ಲ. ಪಾಪ್‌ಅಪ್ ಹಾಕಿದರೆ ಸಿಟ್ಟಾದರು. "ನಿಮ್ಮ ಅಭಿಪ್ರಾಯ ತಿಳಿಸಿ" ಅಂದರೆ ತಿಂಗಳಿಗೆ 11 ಬಂತು, ಅದರಲ್ಲಿ ಏಳೋ ಎಂಟೋ ನಮ್ಮವರದ್ದೇ. ಆಮೇಲೆ ಪುಟದ ಕೆಳಗೆ "ಉಪಯೋಗವಾಯಿತಾ?" ಅಂತ ಮಾತ್ರ ಕೇಳಿ, ಇಲ್ಲ ಅಂದವರಿಗೆ "ಎಲ್ಲಿ ನಿಂತು ಹೋಯಿತು?" ಅಂತ ಒಂದು ಸಾಲಿನ ಪೆಟ್ಟಿಗೆ ತೆರೆದೆ. ಅಭಿಪ್ರಾಯ ಕೇಳಿದರೆ ಜನ ಹಿಂಜರಿಯುತ್ತಾರೆ, ಎಲ್ಲಿ ನಿಂತಿತು ಅಂದರೆ ಥಟ್ಟನೆ ಹೇಳುತ್ತಾರೆ. "ಸೇವ್ ಕೊಟ್ಟರೆ ದಿನಾಂಕ ಕೆಂಪಾಗ್ತದೆ", ಇಷ್ಟೇ ಸಾಕು ನನಗೆ. ಈಗ ತಿಂಗಳಿಗೆ 60, 70 ಬರುತ್ತವೆ. ಕೆಲವರಿಗೆ ಎರಡನೇ ಪ್ರಶ್ನೆಯೂ ಹೋಗುತ್ತದೆ, ಅದು ಯಾವುದು ಅಂತ ಹೇಳುವುದಿಲ್ಲ.

ನಡುವೆ ಒಂದು ಪ್ರಯೋಗ. ಹತ್ತು ಪುಟಗಳಿಗೆ ತುಳುವಿನಲ್ಲಿ ಎರಡೆರಡು ನಿಮಿಷದ ಆಡಿಯೊ ಮಾಡಿದೆವು, ಸಪೋರ್ಟಿನ ಅಕ್ಕನದ್ದೇ ದನಿ. ಕೇಳಿದವರು ತುಂಬಾ ಖುಷಿಪಟ್ಟರು. ಆದರೆ ಸಾಫ್ಟ್‌ವೇರ್ ಬದಲಾದಾಗಲೆಲ್ಲ ಹೊಸದಾಗಿ ರೆಕಾರ್ಡ್ ಮಾಡಬೇಕು, ಮೂರೇ ಪುಟಕ್ಕೆ ಉಳಿಸಿದೆವು. ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕಿನಿಂದ ಬಂದವರು ಜಿಎ4ನಲ್ಲಿ ಡೈರೆಕ್ಟ್, ಅಂದರೆ ಎಲ್ಲಿಂದ ಬಂದರು ಅಂತ ಗೊತ್ತಿಲ್ಲದವರು, ಅಂತ ಕಾಣುತ್ತಿದ್ದರು. ಲಿಂಕಿನ ಕೊನೆಗೆ ಯುಟಿಎಂ (ಎಲ್ಲಿಂದ ಬಂದರು ಅಂತ ಹೇಳುವ ಗುರುತು) ಹಚ್ಚಿದ ಮೇಲೆ ನೋಡಿದರೆ ನಮ್ಮ ಓದುಗರಲ್ಲಿ ಕಾಲು ಭಾಗ ಅಲ್ಲಿಂದಲೇ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಮೂರು ಪಟ್ಟಿ ಎದುರಿಗೆ ಇಟ್ಟುಕೊಳ್ಳುತ್ತೇನೆ: ಸೊನ್ನೆ ಉತ್ತರದ ಪದಗಳು, "ಇಲ್ಲ" ಅಂದವರ ಸಾಲುಗಳು, ಅಕ್ಕನ ಕರೆ ಪುಸ್ತಕ. ಎರಡು ಪಟ್ಟಿಯಲ್ಲಿ ಒಂದೇ ವಿಷಯ ಬಂದರೆ ಆ ವಾರವೇ ಆ ಪುಟ ಸರಿಯಾಗಬೇಕು. ಒಂದು ಕರೆಗೆ ನಮಗೆ 60 ರೂಪಾಯಿಯಷ್ಟು ಬೀಳುತ್ತದೆ ಅಂತ ಸರ್ ಲೆಕ್ಕ ಹಾಕಿದ್ದರು. ಮಾರ್ಚ್ ಒಂದರಲ್ಲೇ 23 ಸಾವಿರದ ಹತ್ತಿರ ಉಳಿಯಿತು. ಓದುವವರಿಲ್ಲ ಅನ್ನುತ್ತಿದ್ದವರು ಈಗ ಹೊಸ ಫೀಚರ್ ಬಿಡುವ ಮೊದಲು ನನ್ನ ಮೇಜಿಗೆ ಬರುತ್ತಾರೆ.

ಈ ವಾರ ಪಟ್ಟಿಯ ಮೇಲೆ ಇರುವುದು "ಜಾಮೀನುದಾರ ಬದಲು". 11 ಸಲ ಹುಡುಕಿದ್ದಾರೆ, ನಾಲ್ಕು ಕರೆ ಬಂದಿವೆ. ನಮ್ಮಲ್ಲಿ ಆ ಪುಟವೇ ಇಲ್ಲ. ನಾಳೆ ಅಕ್ಕನ ಜೊತೆ ಕೂತು ಬರೆಯಬೇಕು.