ಸಿಂಗಪುರದ ಬಿಸಿಲು, ಮಳೆ ಮತ್ತು ಎ.ಸಿ. ರಸೀದಿ

ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯಿಂದ ಸಿಂಗಪುರಕ್ಕೆ ಕೆಲಸಕ್ಕೆ ಹೋಗುವವರು ಈಗೀಗ ಜಾಸ್ತಿಯಾಗಿದ್ದಾರೆ. ನಾವು ಅಲ್ಲಿದ್ದು ಬಂದವರು ಅಂತ, ಹೊರಡುವ ಮುಂಚೆ ಒಂದು ಸಂಜೆ ಮನೆಗೆ ಬಂದು ಕೂರುತ್ತಾರೆ. ರಾಗಿ ಹಿಟ್ಟು ಸಿಗುತ್ತಾ, ಬಾಡಿಗೆ ಎಷ್ಟು, ಮೊಸರು ಹೇಗಿರುತ್ತೆ ಅಂತೆಲ್ಲ ಕೇಳುತ್ತಾರೆ. ಎಲ್ಲ ಸಿಗುತ್ತೆ, ಬಿಡಿ. ಹವಾಮಾನದ ಮಾತು ತೆಗೆದರೆ ಮಾತ್ರ ನಕ್ಕುಬಿಡುತ್ತಾರೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಕಂಡವರಿಗೆ 32 ಏನು ಮಹಾ? ಎರಡು ವರ್ಷ ಕಳೆದ ಮೇಲೆ ಅದೇ ಜನ ಫೋನ್ ಮಾಡಿ, ಮನೆ ಡೆಪಾಸಿಟ್‌ನಲ್ಲಿ ಅರ್ಧ ಹಿಡಿದುಕೊಂಡರು ಅಂತ ಗೋಳಾಡುತ್ತಾರೆ. ಬಿಸಿಲಿಗೂ ಡೆಪಾಸಿಟ್‌ಗೂ ಏನು ಸಂಬಂಧ ಅಂದಿರಾ? ಇದೆ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಮೊದಲು ಆ 32ರ ವಿಷಯ. ಸಿಂಗಪುರ ಭೂಮಧ್ಯರೇಖೆಯಿಂದ ಹೆಚ್ಚುಕಮ್ಮಿ 140 ಕಿಲೋಮೀಟರ್ ದೂರ, ಅಷ್ಟೇ. ವರ್ಷಪೂರ್ತಿ ಹಗಲು 31–33 ಡಿಗ್ರಿ, ರಾತ್ರಿ 24–25. ಅಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚು ಉಷ್ಣಾಂಶವೇ 37. ಒಮ್ಮೆ 1983ರ ಏಪ್ರಿಲ್‌ನಲ್ಲಿ, ಇನ್ನೊಮ್ಮೆ 2023ರ ಮೇ ತಿಂಗಳಲ್ಲಿ. ನಮ್ಮೂರಿನ ಬೇಸಿಗೆಯ ಮುಂದೆ ಇದೇನೂ ಅಲ್ಲ ಅನ್ನಿಸುತ್ತೆ. ಆದರೆ ಕೋಲಾರ ಇರುವುದು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲೆ, ಗಾಳಿ ಒಣ. ಬೆವರು ಬಂದದ್ದೂ ಗೊತ್ತಾಗಲ್ಲ, ಆರಿಹೋಗುತ್ತೆ. ಸಂಜೆಯಾದರೆ ಜಗಲಿ ಮೇಲೆ ತಣ್ಣಗೆ ಕೂರಬಹುದು. ಅಲ್ಲಿ ಬೆಳಗಿನ ಜಾವ ಗಾಳಿಯ ತೇವಾಂಶ ನೂರಕ್ಕೆ 90 ದಾಟಿರುತ್ತೆ. ಬೆವರು ಮೈಗೆ ಅಂಟಿಕೊಂಡೇ ಇರುತ್ತೆ. ಬೆವರು ಆರದೆ ಮೈ ತಣಿಯಲ್ಲ.

ಸಿಂಗಪುರದವರು ಇದಕ್ಕೊಂದು ಬೇರೆ ಅಳತೆ ಇಟ್ಟುಕೊಂಡಿದ್ದಾರೆ. ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಅಂತ. ಬಿಸಿಲು, ತೇವ, ಗಾಳಿ ಮೂರನ್ನೂ ಸೇರಿಸಿ ಹಾಕುವ ಲೆಕ್ಕ ಅದು. 2023ರ ಜುಲೈಯಿಂದ ಸಾರ್ವಜನಿಕರಿಗೂ ಇದರ ಮೇಲೆ ಸೂಚನೆ ಕೊಡುತ್ತಿದ್ದಾರೆ: 31ರ ಕೆಳಗಿದ್ದರೆ ಅಪಾಯ ಕಡಿಮೆ, 31ರಿಂದ 33ರವರೆಗೆ ಮಧ್ಯಮ, 33 ಮುಟ್ಟಿದರೆ ಜಾಸ್ತಿ. ನಮ್ಮ ಹುಡುಗರು ಆ್ಯಪ್‌ನಲ್ಲಿ 33 ನೋಡಿ "ಇಷ್ಟೇನಾ" ಅಂತ ಮಧ್ಯಾಹ್ನ ಫುಟ್‌ಬಾಲ್ ಆಡಲು ಇಳಿಯುತ್ತಾರೆ. ಅದು ನಮ್ಮ ಥರ್ಮಾಮೀಟರಿನ 33 ಅಲ್ಲ ಮಾರಾಯ್ರೆ. ಆ ಅಂಕಿ ಬಂತು ಅಂದರೆ ನೆರಳಿಗೆ ಹೋಗಬೇಕು. ಬಯಲಲ್ಲಿ ಭಾರದ ಕೆಲಸ ಮಾಡುವವರಿಗೆ ಕಾನೂನೇ ಇದೆ. 32 ಮುಟ್ಟಿದರೆ ಗಂಟೆಗೆ ಕನಿಷ್ಠ 10 ನಿಮಿಷ, 33 ಮುಟ್ಟಿದರೆ 15 ನಿಮಿಷ ವಿರಾಮ ಕೊಡಲೇಬೇಕು. ಹೊಸದಾಗಿ ಬಂದವರಿಗೆ ಮೊದಲ ಒಂದು ವಾರ ಕೆಲಸ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಸೈಟ್ ಕೆಲಸಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಂಡು, ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ.

ಇನ್ನು ಮಳೆ. ನಮ್ಮ ಕಡೆ ವರ್ಷಕ್ಕೆ 700 ಚಿಲ್ಲರೆ ಮಿಲಿಮೀಟರ್ ಬಿದ್ದರೆ ಕೆರೆ ನೋಡಲು ಜನ ಹೋಗುತ್ತಾರೆ. ಅಲ್ಲಿ 2,100ಕ್ಕೂ ಹೆಚ್ಚು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ನಾವು ನಕ್ಷತ್ರ ಎಣಿಸಿ ಕಾಯುವವರು. ಅಲ್ಲಿ ಎಣಿಸಬೇಕಾದ್ದು ಗಂಟೆಯನ್ನು. ಮಾರ್ಚ್ ಕೊನೆಯಿಂದ ಮೇವರೆಗೆ, ಮತ್ತೆ ಅಕ್ಟೋಬರ್–ನವೆಂಬರ್‌ನಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗ್ಗೆಯೆಲ್ಲ ನೆಲ ಕಾಯುತ್ತೆ, ಸಮುದ್ರದ ಕಡೆಯಿಂದ ಗಾಳಿ ಒಳಗೆ ನುಗ್ಗುತ್ತೆ. ಬೇರೆ ಬೇರೆ ದಿಕ್ಕಿನಿಂದ ಬಂದ ಗಾಳಿ ದ್ವೀಪದ ಮೇಲೆ ಎದುರುಬದುರಾದಾಗ ತೇವವೆಲ್ಲ ಮೇಲಕ್ಕೆ ಏರುತ್ತೆ. ಊಟ ಮುಗಿಸಿ ಬರುವಷ್ಟರಲ್ಲಿ ಮೋಡ ಕಪ್ಪಾಗಿರುತ್ತೆ. ಸುರಿಯುವುದು ಸಾಮಾನ್ಯವಾಗಿ ಒಂದು ಗಂಟೆ. ಅಷ್ಟೂ ಹೊತ್ತು ಛತ್ರಿ ಬಿಚ್ಚಿ ಏನೂ ಪ್ರಯೋಜನ ಇಲ್ಲ, ಸುಮ್ನೆ ನಿಂತುಕೊಳ್ಳಿ. ಬೆಳಗಿನ ಜಾವ ಪಶ್ಚಿಮದಿಂದ ಬಿರುಗಾಳಿ ಸಮೇತ ಬರುವ ಮಳೆ ಬೇರೆ ಜಾತಿಯದು. ಅದನ್ನು ಸುಮಾತ್ರಾ ಸ್ಕ್ವಾಲ್ ಅನ್ನುತ್ತಾರೆ. ಆ ಹೊತ್ತಲ್ಲಿ ಹೊರಗೆ ಒಣಹಾಕಿದ ಬಟ್ಟೆ ಪಕ್ಕದ ಬ್ಲಾಕಿನವರದ್ದಾಗುತ್ತೆ.

ಮುನ್ಸೂಚನೆಯಲ್ಲಿ "ಮಧ್ಯಾಹ್ನ ಗುಡುಗು ಮಳೆ" ಅನ್ನುವುದನ್ನು ಆ ತಿಂಗಳುಗಳಲ್ಲಿ ಹೆಚ್ಚುಕಮ್ಮಿ ದಿನಾ ಓದುತ್ತೀರಿ. ಅದನ್ನು ನಂಬಿ ಮನೆಯಲ್ಲಿ ಕೂರುವುದೂ ಬೇಡ, ತಳ್ಳಿಹಾಕುವುದೂ ಬೇಡ. ಅಲ್ಲಿನ ಸರ್ಕಾರದ ಮೈಇಎನ್‌ವಿ ಆ್ಯಪ್‌ನಲ್ಲಿ ಮಳೆಯ ರಾಡಾರ್ ಚಿತ್ರ ಸಿಗುತ್ತೆ. ಮೋಡ ಯಾವ ಕಡೆ ಸಾಗುತ್ತಿದೆ ಅಂತ ನೋಡಿ ಹೊರಡಿ. ಸಿಡಿಲಿನ ವಿಷಯದಲ್ಲಿ ಮಾತ್ರ ಆ ದೇಶಕ್ಕೆ ನೂರಕ್ಕೆ ನೂರು ಅಂಕ. ವರ್ಷದಲ್ಲಿ 150ಕ್ಕೂ ಹೆಚ್ಚು ದಿನ ಗುಡುಗುವ ಊರು ಅದು. ಎಚ್ಚರಿಕೆ ಬಂದ ಕೂಡಲೇ ಈಜುಕೊಳದಿಂದ ಎಲ್ಲರನ್ನೂ ಎಬ್ಬಿಸುತ್ತಾರೆ, ಶಾಲೆ ಮಕ್ಕಳನ್ನು ಮೈದಾನದಿಂದ ಒಳಗೆ ಕರೆಯುತ್ತಾರೆ. ಒಂದು ಹನಿಯೂ ಬಿದ್ದಿಲ್ಲವಲ್ಲ ಅಂತ ವಾದ ಮಾಡಬೇಡಿ. ನಮ್ಮಲ್ಲೂ "ಸಿಡಿಲು" ಆ್ಯಪ್ ಇದೆ, ರಾಜ್ಯದವರೇ ಮಾಡಿದ್ದು. ಆದರೂ ಹೊಲದಲ್ಲಿದ್ದವರು ಹುಣಸೆ ಮರದ ಕೆಳಗೇ ನಿಲ್ಲುತ್ತಾರೆ, ಅಲ್ವಾ?

ಈಗ ದುಡ್ಡು ಹೋಗುವ ಜಾಗಕ್ಕೆ ಬರೋಣ.

ಸಿಂಗಪುರದ ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ: ಬಾಡಿಗೆದಾರ ತನ್ನ ಖರ್ಚಿನಲ್ಲಿ ಮೂರು ತಿಂಗಳಿಗೊಮ್ಮೆ ಎ.ಸಿ. ಸರ್ವೀಸ್ ಮಾಡಿಸಬೇಕು. ಓದಿ ಸಹಿ ಹಾಕುತ್ತೇವೆ. ಆಮೇಲೆ ನಮ್ಮ ಕೋಲಾರದ ಬುದ್ಧಿ ಶುರುವಾಗುತ್ತೆ. "ನಮಗೆ ಎ.ಸಿ. ಯಾಕೆ, ಫ್ಯಾನ್ ಸಾಕು. ಹಾಕದೇ ಇರೋದಕ್ಕೆ ಸರ್ವೀಸ್ ಯಾಕೆ?" ನಮ್ಮ ಡಾಲರೂ ಹೀಗೇ ಕರಗಿತ್ತು, ಆಮೇಲೆ ಹೋದವರದ್ದೂ ಹೀಗೇ ಕರಗುತ್ತಿದೆ. ಕರಾರಿನಲ್ಲಿ "ಬಳಸಿದರೆ" ಅಂತ ಬರೆದಿರುವುದಿಲ್ಲ. ಬಳಸಿ, ಬಿಡಿ, ಮೂರು ತಿಂಗಳಿಗೊಮ್ಮೆ ಮಾಡಿಸಲೇಬೇಕು. ಇನ್ನೂ ಕೆಟ್ಟದ್ದೇನೆಂದರೆ, ಆ ತೇವದಲ್ಲಿ ಬಳಸದೇ ಬಿಟ್ಟ ಎ.ಸಿ.ಗೂ ಬೂಷ್ಟು ಹಿಡಿಯುತ್ತೆ, ಗೋಡೆಗೂ ಹಿಡಿಯುತ್ತೆ.

ಚಿಂತಾಮಣಿ ಕಡೆಯ ಒಬ್ಬ ದಂಪತಿ ಎರಡು ವರ್ಷ ಹೀಗೇ ಉಳಿತಾಯ ಮಾಡಿದರು. ಮನೆ ಬಿಡುವ ದಿನ ಓನರ್ ಕಡೆಯವರು ಬಂದು ಕೋಣೆಯ ಎ.ಸಿ.ಯ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರು. ಒಳಗಿನ ಉರುಳೆಯಂಥ ಫ್ಯಾನಿನ ಎಲೆ ಎಲೆಗೂ ಕಪ್ಪು ಲೋಳೆ ಮೆತ್ತಿತ್ತು. ಬೀರು ಸರಿಸಿದರೆ ಅದರ ಹಿಂದಿನ ಗೋಡೆ ತುಂಬ ಹಸಿರು, ಕಪ್ಪು ಚುಕ್ಕೆ. ನಾಲ್ಕೂ ಯೂನಿಟ್ ಬಿಚ್ಚಿ ಕೆಮಿಕಲ್ ಹಾಕಿ ತೊಳೆಸಿದ ಖರ್ಚು, ಗೋಡೆಗೆ ಬಣ್ಣ ಬಳಿಸಿದ ಖರ್ಚು, ಎಲ್ಲ ಡೆಪಾಸಿಟ್‌ನಿಂದ ಹೋಯಿತು. ಮಾತಾಡಲು ಅವರ ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ. ಸಾಮಾನ್ಯ ಸರ್ವೀಸ್‌ಗೆ ಒಂದು ಯೂನಿಟ್‌ಗೆ 30–40 ಸಿಂಗಪುರ ಡಾಲರ್ ಆಸುಪಾಸು ಆಗುತ್ತೆ. ಬಿಚ್ಚಿ ತೊಳೆಯುವುದಕ್ಕೆ ಅದರ ಹಲವು ಪಟ್ಟು.

ಹಾಗಾಗಿ ಮನೆಗೆ ಹೋದ ವಾರವೇ ಎಲ್ಲ ಎ.ಸಿ. ಹಾಕಿ ನೋಡಿ. ಎಷ್ಟೋ ಕರಾರುಗಳಲ್ಲಿ ಮೊದಲ 30 ದಿನದಲ್ಲಿ ಕಂಡ ದೋಷ ಓನರ್ ತಲೆ ಮೇಲೆ, ಆಮೇಲೆ ಸಣ್ಣಪುಟ್ಟ ರಿಪೇರಿ ನಿಮ್ಮದು. ಹಿಂದಿನ ಸರ್ವೀಸ್ ರಸೀದಿ ಅವರಿಂದ ಕೇಳಿ ಇಸಿದುಕೊಳ್ಳಿ. ಬೀರುವಿನ ಹಿಂದೆ, ಬಚ್ಚಲಿನ ಮೇಲ್ಛಾವಣಿ, ಕಿಟಕಿಯ ಅಂಚು, ಎಲ್ಲದರ ಫೋಟೊ ತೆಗೆದು ಅವತ್ತೇ ಓನರ್‌ಗೆ ಕಳಿಸಿ. ಬೀರುವನ್ನು ಗೋಡೆಗೆ ಒತ್ತಿ ಇಡಬೇಡಿ, ಕೈ ಹೋಗುವಷ್ಟು ಜಾಗ ಬಿಡಿ. ದಿನಾ ಒಂದೆರಡು ಗಂಟೆ ಎ.ಸಿ.ಯನ್ನು ಡ್ರೈ ಮೋಡ್‌ನಲ್ಲಿ ಹಾಕಿ. ಕರೆಂಟ್ ಬಿಲ್ ಅಂತ ಅಳಬೇಡಿ, ಡೆಪಾಸಿಟ್ ಅದಕ್ಕಿಂತ ದೊಡ್ಡದು.

ಡೆಪಾಸಿಟ್ ಅನ್ಯಾಯವಾಗಿ ಹಿಡಿದರೆ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ, ಸಣ್ಣ ಮೊತ್ತದ ತಕರಾರು ತೀರಿಸುವ ಕೋರ್ಟು. ಎರಡು ವರ್ಷ ಮೀರದ ವಾಸದ ಬಾಡಿಗೆ, 20,000 ಡಾಲರ್‌ವರೆಗಿನ ತಕರಾರು ಅಲ್ಲಿ ನಡೆಯುತ್ತೆ. ಲಾಯರ್ ಇಡುವಂತಿಲ್ಲ, ನೀವೇ ಮಾತಾಡಬೇಕು. ಈ ವ್ಯವಸ್ಥೆ ನಮ್ಮದಕ್ಕಿಂತ ಎಷ್ಟೋ ಮೇಲು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣದ ದುಡ್ಡು ಅಂತ ಓನರ್ ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತೇವೆ. ಅಲ್ಲಿ ವರ್ಷದ ಕರಾರಿಗೆ ಒಂದು ತಿಂಗಳು, ಎರಡು ವರ್ಷಕ್ಕೆ ಎರಡು ತಿಂಗಳು, ಅಷ್ಟೇ. ಆದರೆ ಅಲ್ಲಿ ಮಾತಿಗೆ ಬೆಲೆ ಇಲ್ಲ, ಕಾಗದಕ್ಕೆ ಮಾತ್ರ. ಇನ್ನೊಂದು: ಕೀ ಕೊಟ್ಟ ರಾತ್ರಿಯೇ ವಿಮಾನ ಹತ್ತಬೇಡಿ. ಡೆಪಾಸಿಟ್ ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಕೋಲಾರದಲ್ಲಿ ಕೂತು ಸಿಂಗಪುರದ ಓನರ್ ಹತ್ತಿರ ವಸೂಲಿ ಮಾಡಿದವರನ್ನು ನಾನಂತೂ ಕಂಡಿಲ್ಲ.

ಮಿಕ್ಕಿದ್ದು ಸಣ್ಣಪುಟ್ಟದ್ದು. ಸರ್ಕಾರಿ ವಸತಿ ಮಂಡಳಿ ಕಟ್ಟಿದ ಎಚ್‌ಡಿಬಿ ಮನೆ ತೀರಾ ಹಳೆಯದಲ್ಲದಿದ್ದರೆ, ಕಬ್ಬಿಣದ ಬಾಗಿಲಿನ ಪುಟ್ಟ ಕೋಣೆ ಇರುತ್ತೆ, ಯುದ್ಧಕಾಲಕ್ಕೆ ಅಂತ ಕಟ್ಟಿದ್ದು. ಕಿಟಕಿ ಇಲ್ಲ. ಅದರಲ್ಲಿ ರೇಷ್ಮೆ ಸೀರೆ, ಚರ್ಮದ ಬೆಲ್ಟು ಇಟ್ಟರೆ ಮುಗಿಯಿತು. ತೇವ ಹೀರುವ ಡಬ್ಬಿ ಅಂಗಡಿಗಳಲ್ಲಿ ಸಿಗುತ್ತೆ, ತುಂಬಿದಾಗ ಬದಲಿಸಿ. ರಾಗಿ ಹಿಟ್ಟು, ಹಪ್ಪಳ ಫ್ರಿಜ್‌ನಲ್ಲಿರಲಿ. ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಡೆಂಗಿ ತಪಾಸಣೆಗೆ ಮನೆಯೊಳಗೇ ಬರುತ್ತಾರೆ, ಸೊಳ್ಳೆ ಮರಿ ಕಂಡರೆ 200 ಡಾಲರ್ ದಂಡ. ಮತ್ತೆ ಸ್ವೆಟರ್ ಬಿಟ್ಟು ಹೋಗಬೇಡಿ. ಹೊರಗೆ ಎಷ್ಟೇ ಸೆಕೆ ಇರಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ, ಮಳೆಯಲ್ಲಿ ನೆನೆದು ಒಳಗೆ ಹೋದಾಗಂತೂ, ಹಲ್ಲು ಕಟಕಟ ಅನ್ನುತ್ತೆ.