ನೇತಾಜಿ ಹತ್ತಿದ ಸಬ್‌ಮರೀನ್, ಗೇಣುದ್ದದ ಮಾದರಿಯಲ್ಲಿ

ಸುಭಾಷ್ ಚಂದ್ರ ಬೋಸರು ಜರ್ಮನಿಯಿಂದ ಸಬ್‌ಮರೀನಿನಲ್ಲಿ ಹೊರಟು ಏಷ್ಯಾಕ್ಕೆ ಬಂದರು ಎಂದು ನಾವೆಲ್ಲ ಓದಿದ್ದೇವೆ. ಯಾವ ಸಬ್‌ಮರೀನ್ ಎಂದು ಕೇಳಿದರೆ ಹೇಳುವವರು ಕಡಿಮೆ. ಅದು ಯು-180. 1943ರ ಫೆಬ್ರುವರಿ 9ರಂದು ಕೀಲ್ ಬಂದರಿನಿಂದ ಹೊರಟಿತು. ಕಮಾಂಡರ್ ವೆರ್ನರ್ ಮುಸೆನ್‌ಬೆರ್ಗ್. ಬೋಸರ ಜೊತೆಗಿದ್ದವರು ಅವರ ಸಹಾಯಕ, ಹೈದರಾಬಾದಿನ ಆಬಿದ್ ಹಸನ್. ಏಪ್ರಿಲ್ 28ರಂದು, ಮಡಗಾಸ್ಕರದ ಆಗ್ನೇಯಕ್ಕೆ, ಸುತ್ತ ಎಲ್ಲೂ ದಡ ಕಾಣದ ಕಡೆ, ಇಬ್ಬರೂ ರಬ್ಬರ್ ತೆಪ್ಪದಲ್ಲಿ ಕೂತು ಜಪಾನಿನ ಐ-29 ಸಬ್‌ಮರೀನಿಗೆ ದಾಟಿದರು.

ನಾನು ಸುಮಾರು ವರ್ಷಗಳಿಂದ ಪ್ಲಾಸ್ಟಿಕ್ ಕಿಟ್‌ಗಳನ್ನು ಕಟ್ಟುತ್ತೇನೆ. ಜರ್ಮನ್ ಸಬ್‌ಮರೀನ್ ಎಂದರೆ ಎಲ್ಲರೂ ಮೊದಲು ಕಟ್ಟುವುದು ಟೈಪ್ 7ಸಿ. ಯುದ್ಧದಲ್ಲಿ ಐನೂರಕ್ಕೂ ಹೆಚ್ಚು ತಯಾರಾದ ಮಾದರಿ ಅದು, ಕಿಟ್‌ಗಳೂ ಬೇಕಾದಷ್ಟಿವೆ. ನನಗೆ ಬೇಕಾಗಿದ್ದು ಯು-180. ಅದು ಟೈಪ್ 9ಡಿ1. ಆ ಮಾದರಿಯಲ್ಲಿ ಕಟ್ಟಿದ್ದೇ ಎರಡು, ಇದು ಮತ್ತು ಯು-195. ನಾನು ಕೆಲಸ ಮಾಡುವ 1/350 ಅಳತೆಯಲ್ಲಿ, ಅಂದರೆ ನಿಜದ ಹಡಗಿನ 350ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಅದರ ಕಿಟ್ ನನಗೆ ಸಿಗಲಿಲ್ಲ. ಹತ್ತಿರದ ನೆಂಟ ಟೈಪ್ 9ಸಿ ಸಿಕ್ಕಿತು. ಅದನ್ನೇ ಕೊಯ್ದು ಮಾಡೋಣ ಎಂದು ಕೂತೆ.

ಕೊಯ್ಯುವ ಮೊದಲು ಒಂದು ತೀರ್ಮಾನ ಬೇಕು. ಯಾವ ದಿನದ ಸಬ್‌ಮರೀನ್? ಇದು ಅತಿಯಾಯಿತು ಎನ್ನಿಸಬಹುದು. ಆದರೆ ಯು-ಬೋಟುಗಳು, ಅಂದರೆ ಜರ್ಮನ್ ಸಬ್‌ಮರೀನುಗಳು, ಆರಾರು ತಿಂಗಳಿಗೆ ರೂಪ ಬದಲಿಸುತ್ತಿದ್ದವು. 1943ರಿಂದ ವಿಮಾನಗಳ ಕಾಟಕ್ಕೆ ಡೆಕ್ ಮೇಲಿನ ದೊಡ್ಡ ತೋಪು ತೆಗೆದರು, ಡೆಕ್ ನಡುವೆ ಎದ್ದು ನಿಂತಿರುವ ಗೋಪುರದ ಹಿಂದೆ ವಿಮಾನ ಹೊಡೆಯುವ ತೋಪುಗಳನ್ನು ಹೆಚ್ಚಿಸಿದರು. ನೀರೊಳಗಿದ್ದುಕೊಂಡೇ ಡೀಸೆಲ್ ಇಂಜಿನಿಗೆ ಗಾಳಿ ಎಳೆಯುವ ಷ್ನೋರ್ಕೆಲ್ ಕೊಳವೆ ಬಳಕೆಗೆ ಬಂದಿದ್ದು 1944ರಲ್ಲಿ. ಕಿಟ್ ಡಬ್ಬಿಯಲ್ಲಿ ಇವೆಲ್ಲ ಒಟ್ಟಿಗೆ ಇರಬಹುದು, ನಿಜವಾದ ಹಡಗಿನ ಮೇಲೆ ಒಂದೇ ದಿನ ಎಲ್ಲವೂ ಇರುವುದಿಲ್ಲ. ನನ್ನ ದಿನ 1943ರ ಏಪ್ರಿಲ್ 28. ಅಷ್ಟು ಗಟ್ಟಿ ಮಾಡಿಕೊಂಡ ಮೇಲೆ ಅರ್ಧ ಪ್ರಶ್ನೆಗಳು ತಾವೇ ಬಗೆಹರಿದವು. ಷ್ನೋರ್ಕೆಲ್ ಇಲ್ಲ. ರಾಡಾರ್ ಅಲೆ ಹಿಡಿಯಲು ಆಗ ಗೋಪುರದ ತಲೆಯ ಬ್ರಿಡ್ಜ್ ಮೇಲೆ ಕೈಯಲ್ಲಿ ತಂದು ನಿಲ್ಲಿಸುತ್ತಿದ್ದ ಮರದ ಕ್ರಾಸ್ ಆಂಟೆನಾ ಮಾಡುವ ಆಸೆಯೇನೋ ಇತ್ತು. ಶತ್ರು ವಿಮಾನಗಳು ಸುತ್ತುತ್ತಿದ್ದ ಫ್ರಾನ್ಸ್ ಪಕ್ಕದ ಬಿಸ್ಕೇ ಕೊಲ್ಲಿಯಲ್ಲಿ ಸರಿ, ಹಿಂದೂ ಮಹಾಸಾಗರದ ಆ ಮೂಲೆಯಲ್ಲಿ ಯಾಕೆ ಎಂದು ಬಿಟ್ಟೆ.

ಈಗ ಲೆಕ್ಕ. 9ಸಿ ಉದ್ದ 76.76 ಮೀಟರ್, 9ಡಿ ಉದ್ದ 87.58 ಮೀಟರ್. 1/350ರಲ್ಲಿ ಒಂದು 219 ಮಿಲಿಮೀಟರ್, ಇನ್ನೊಂದು 250. ಅಂದರೆ 31 ಮಿಲಿಮೀಟರ್ ಸೇರಿಸಬೇಕು. ಅಗಲ 6.76 ಮೀಟರಿನಿಂದ 7.5 ಮೀಟರಿಗೆ ಹೋಗುತ್ತದೆ, ಮಾದರಿಯಲ್ಲಿ ಎರಡು ಮಿಲಿಮೀಟರ್. ಹಡಗಿನ ತಳದ ಕೀಲಿನಿಂದ ಎತ್ತರವೂ ಸುಮಾರು ಎರಡು ಮಿಲಿಮೀಟರ್ ಜಾಸ್ತಿ. ಡ್ರಾಯಿಂಗನ್ನು ಎ4 ಹಾಳೆಯಲ್ಲಿ ಅಡ್ಡಕ್ಕೆ ಪ್ರಿಂಟ್ ಹಾಕಿಸಿದರೆ 25 ಸೆಂಟಿಮೀಟರ್ ಆರಾಮಾಗಿ ಹಿಡಿಸುತ್ತದೆ. ಆದರೆ ಜೆರಾಕ್ಸ್ ಅಂಗಡಿಯ ಪ್ರಿಂಟರುಗಳು ಹಾಳೆಗೆ ಹೊಂದಿಸಲು ಸುಮ್ನೆ ಚಿತ್ರವನ್ನು ಚಿಕ್ಕದು ಮಾಡಿಬಿಡುತ್ತವೆ. ಹಾಗಾಗಿ ಡ್ರಾಯಿಂಗಿನ ಕೆಳಗೆ 10 ಸೆಂಟಿಮೀಟರಿನ ಗೆರೆ ಎಳೆದು ಕಳಿಸಿ, ಪ್ರಿಂಟ್ ಬಂದ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ.

ಉದ್ದ ಸೇರಿಸುವುದು ಕೇಳಲು ಭಯ, ಮಾಡಲು ಸುಲಭ. ಹಲ್, ಅಂದರೆ ಹಡಗಿನ ಒಡಲು, ಅದರ ಹೋಳುಗಳನ್ನು ಮೊದಲು ಅಂಟಿಸಿ, ಪೂರ್ತಿ ಗಟ್ಟಿಯಾದ ಮೇಲೆ ಕೊಯ್ಯಬೇಕು. ಬಿಡಿ ಹೋಳು ಕೊಯ್ದರೆ ಎರಡೂ ಒಂದೇ ಗೆರೆಗೆ ಬರುವುದಿಲ್ಲ. ಹಲ್ ಪಕ್ಕಗಳು ಸಮಾನಾಂತರವಾಗಿ ಓಡುವ ಜಾಗ ನೋಡಿ, ಗೋಪುರದ ಮುಂದೆ ಒಂದು, ಹಿಂದೆ ಒಂದು ಕಡೆ ಕೊಯ್ದೆ. ಒಂದೇ ಕಡೆ 31 ಮಿಲಿಮೀಟರ್ ತುರುಕಿದರೆ ಗೋಪುರದ ಜಾಗ ತಪ್ಪುತ್ತದೆ. ಕೊಯ್ಯುವ ಗೆರೆಯ ಸುತ್ತ ದಪ್ಪ ಲೇಬಲ್ ಟೇಪ್ ಸುತ್ತಿಕೊಂಡರೆ ಗರಗಸ ಅದರ ಅಂಚು ಹಿಡಿದುಕೊಂಡೇ ಓಡುತ್ತದೆ. ನಡುವೆ ಸೇರಿಸುವ ತುಂಡನ್ನು ಪ್ಲಾಸ್ಟಿಕ್ ಶೀಟ್ ಪದರ ಪದರವಾಗಿ ಅಂಟಿಸಿ ಮಾಡಿದೆ, ಹಲ್‌ಗಿಂತ ಸ್ವಲ್ಪ ದೊಡ್ಡದಾಗಿಯೇ. ಆಮೇಲೆ ಸ್ಯಾಂಡ್ ಪೇಪರ್ ಹಿಡಿದು ಇಳಿಸಿದರಾಯಿತು. ಒಳಗೆ ಉದ್ದಕ್ಕೆ ಒಂದು ಹಿತ್ತಾಳೆ ಕಡ್ಡಿ ಹಾಕಿದ್ದೇನೆ. ಅದಿಲ್ಲದಿದ್ದರೆ ಒಂದಲ್ಲ ಒಂದು ದಿನ ಬೆನ್ನು ಬಾಗುತ್ತದೆ.

ಕಷ್ಟ ಇರುವುದು ಅಗಲದಲ್ಲಿ. ಇಲ್ಲಿ ನಿಜವಾದ ಹಡಗು ಹೇಗೆ ಕಟ್ಟಿದ್ದರು ಎಂದು ಗೊತ್ತಿದ್ದರೆ ದಾರಿ ಸಿಗುತ್ತದೆ. ನೀರಿನ ಒತ್ತಡ ತಡೆಯುವ ಒಳಗಿನ ಉಕ್ಕಿನ ಕೊಳವೆ 9ಸಿಯಲ್ಲೂ 9ಡಿಯಲ್ಲೂ 4.4 ಮೀಟರ್ ವ್ಯಾಸದ್ದೇ. ಅದನ್ನು ಅಗಲ ಮಾಡಲಿಲ್ಲ, ಉದ್ದ ಮಾಡಿದರು. ಅಗಲ ಜಾಸ್ತಿಯಾಗಿದ್ದು ಅದರ ಎರಡು ಪಕ್ಕಕ್ಕೆ ತಬ್ಬಿಕೊಂಡಿರುವ ಟ್ಯಾಂಕುಗಳಲ್ಲಿ. ಏಷ್ಯಾದ ತನಕ ಹೋಗುವಷ್ಟು ಇಂಧನ ಬೇಕಲ್ವಾ? ಹಾಗಾಗಿ ನಾನೂ ಮೂತಿ, ಬಾಲ, ಡೆಕ್ ಯಾವುದನ್ನೂ ಅಗಲ ಮಾಡಲಿಲ್ಲ. ಟ್ಯಾಂಕಿನ ಉಬ್ಬಿನ ಮೇಲೆ ಮಾತ್ರ ಅರ್ಧ ಮಿಲಿಮೀಟರ್ ಶೀಟಿನ ಎರಡು ಪದರ ಅಂಟಿಸಿದೆ, ಎರಡೂ ಕಡೆ. ಶೀಟನ್ನು ಬಿಸಿನೀರಿನಲ್ಲಿ ಅದ್ದಿ ಪೆನ್ನಿನ ಮೇಲೆ ಸುತ್ತಿಟ್ಟರೆ ಬಾಗು ಬರುತ್ತದೆ. ತುದಿಗಳನ್ನು ಎಂ-ಸೀಲ್ ಹಾಕಿ ಹಲ್‌ಗೆ ಕರಗಿಸಿದೆ. ಹೊರದೇಶದ ಪುಟ್ಟಿ ಟ್ಯೂಬು ತರಿಸುವವರು ತರಿಸಲಿ, ದೊಡ್ಡ ಉಬ್ಬು ತುಂಬಲು ಎಂ-ಸೀಲ್‌ಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಒದ್ದೆ ಬೆರಳಲ್ಲಿ ನೇವರಿಸಿ ಬಿಟ್ಟರೆ ಬೆಳಿಗ್ಗೆ ಸ್ಯಾಂಡ್ ಪೇಪರಿಗೆ ಸಿದ್ಧ. ಸಣ್ಣ ಗೀರುಗಳಿಗೆ ಫೆವಿಕ್ವಿಕ್ ಸಾಕು, ಆದರೆ ಒಣಗಿದ ಸ್ವಲ್ಪ ಹೊತ್ತಿಗೇ ಉಜ್ಜಿಬಿಡಿ. ಮರುದಿನಕ್ಕೆ ಬಿಟ್ಟರೆ ಕಲ್ಲು.

ಎತ್ತರಕ್ಕೆ ನಾನು ಕೈ ಹಾಕಲೇ ಇಲ್ಲ. ನನ್ನ ಸಬ್‌ಮರೀನ್ ನೀರಿನಲ್ಲಿ ಕೂರುತ್ತದೆ, ಕೀಲ್ ಯಾರಿಗೂ ಕಾಣುವುದಿಲ್ಲ. ನೀರಿನ ಗೆರೆಯ ಕೆಳಗಿನದನ್ನು ಕೊಯ್ದು ಪಕ್ಕಕ್ಕಿಟ್ಟೆ. ಸ್ಟ್ಯಾಂಡ್ ಮೇಲೆ ಪೂರ್ತಿ ನಿಲ್ಲಿಸುವವರಿಗೆ ಆ ಕೆಲಸ ತಪ್ಪಿದ್ದಲ್ಲ.

ಪಕ್ಕಗಳ ಮೇಲೆ ಹೊಸ ಚರ್ಮ ಹೊದಿಸಿದಾಗ ನೀರು ನುಗ್ಗುವ ಕಂಡಿಗಳು ಕೆಲವು ಮುಚ್ಚಿಹೋಗುತ್ತವೆ. ಸೇರಿಸಿದ ತುಂಡಿನಲ್ಲಂತೂ ಇರುವುದೇ ಇಲ್ಲ. ಯು-ಬೋಟಿನ ಹೊರಮೈ ಬರೀ ಮುಚ್ಚಳ. ಮುಳುಗುವಾಗ ನೀರು ಅದರೊಳಗೆ ನುಗ್ಗಬೇಕು, ಏಳುವಾಗ ಸುರಿದು ಹೋಗಬೇಕು. ಅದಕ್ಕೇ ಪಕ್ಕದಲ್ಲಿ ಸಾಲು ಸಾಲು ಕಂಡಿ. ಹಡಗು ಕಟ್ಟುವ ಯಾವ ಯಾರ್ಡ್ ಕಟ್ಟಿತು ಎನ್ನುವುದರ ಮೇಲೆ ಕಂಡಿಗಳ ಸಾಲು ಬೇರೆ ಬೇರೆ. ಯು-180 ಬ್ರೆಮೆನ್ನಿನ ಎ.ಜಿ. ವೇಸರ್ ಯಾರ್ಡಿನದು. ಅದೇ ಯಾರ್ಡಿನ, 9ಡಿ1ರ ಸೋದರ ಮಾದರಿ 9ಡಿ2 ಸಬ್‌ಮರೀನುಗಳ ಫೋಟೊ ಜಾಸ್ತಿ ಸಿಗುತ್ತವೆ, ಅವನ್ನೇ ಆಧಾರ ಮಾಡಿಕೊಂಡೆ. ತೂತು ಕೊರೆಯಲು 0.4 ಮಿಲಿಮೀಟರಿನ ಬಿಟ್ ಬೇಕು. ಬೆಂಗಳೂರಿನಲ್ಲಿರುವವರು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವ ಬಿಟ್ ಕೇಳಿ. ಬಿಟ್ಟನ್ನು ಒಂದು ಹಿಡಿಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಬೇಕು. ಮೋಟಾರಿಗೆ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ. 1/72ರ ದೊಡ್ಡ ಮಾದರಿಯಲ್ಲಿ ಬೇರೆಯೇ ಉಪಾಯ: ಹಲ್ ಒಳಗಿನಿಂದ ಪ್ಲಾಸ್ಟಿಕ್ ತೆಳ್ಳಗೆ ಮಾಡುತ್ತಾ ಬರುವುದು, ಬೆಳಕು ಕಾಣುವಷ್ಟಾದಾಗ ಹೊರಗಿನಿಂದ ಬ್ಲೇಡಿನ ತುದಿಯಲ್ಲಿ ಬಿಡಿಸುವುದು.

ಬಣ್ಣದ ವಿಷಯದಲ್ಲಿ ಜನ ಜಗಳಕ್ಕೇ ನಿಲ್ಲುತ್ತಾರೆ. ನಾನು ಮಾಡಿದ್ದು ಇಷ್ಟು. ಮೇಲಿನ ಭಾಗ ತಿಳಿ ಬೂದು, ಕೆಳಗೆ ಕಡು ಬೂದು. ಹಲವರು ತಳಕ್ಕೆ ಕೆಂಪು ಹೊಡೆಯುತ್ತಾರೆ, ಯುದ್ಧಕಾಲದ ಯು-ಬೋಟಿಗೆ ಅದು ಹೊಂದುವುದಿಲ್ಲ. ಡೆಕ್ ಮರದ ಹಲಗೆಗಳದ್ದು, ಮೇಲೆ ಟಾರ್ ಬಳಿದಿರುತ್ತಿದ್ದರು. ಅದಕ್ಕೆ ಅಚ್ಚ ಕಪ್ಪು ಬೇಡ, ಕಂದು ಬೆರೆತ ಕಪ್ಪು ಮಾಡಿ. ಇಷ್ಟು ಚಿಕ್ಕ ಅಳತೆಗೆ ಎಲ್ಲ ಬಣ್ಣಕ್ಕೂ ಒಂದಿಷ್ಟು ಬಿಳಿ ಬೆರೆಸಬೇಕು, ಇಲ್ಲದಿದ್ದರೆ ಮಾದರಿ ಕತ್ತಲೆ ಕತ್ತಲೆಯಾಗಿ ಕಾಣುತ್ತದೆ. ಮಳೆಗಾಲದ ತೇವದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿಯಲೇಬೇಡಿ.

ತುಕ್ಕು, ಮಸಿ ಹಾಕುವಾಗ ಮತ್ತೆ ಆ ತಾರೀಖೇ ಕೈ ಹಿಡಿಯಿತು. ಫೆಬ್ರುವರಿ 9ರಿಂದ ಏಪ್ರಿಲ್ 28 ಎಂದರೆ 78 ದಿನ ಉಪ್ಪುನೀರು. ಕಂಡಿಗಳ ಕೆಳಗೆ ತುಕ್ಕಿನ ಗೆರೆ, ಗೋಪುರದ ಮೇಲೆ ಉಪ್ಪಿನ ಬಿಳಿ, ಇವೆರಡೂ ಇರಲೇಬೇಕು. ಮಸಿಯನ್ನು ನಾನು ಬೇಕೆಂದೇ ಜಾಸ್ತಿ ಹಾಕಿದ್ದೇನೆ. 9ಡಿ1ಕ್ಕೆ ವೇಗ ಬರಲಿ ಎಂದು ಟಾರ್ಪಿಡೊ ದೋಣಿಗಳಿಗೆ ಮಾಡಿದ ಮರ್ಸಿಡಿಸ್-ಬೆಂಜ್ ಡೀಸೆಲ್ ಇಂಜಿನುಗಳನ್ನು, ಒಂದೆರಡಲ್ಲ, ಆರು ಹಾಕಿದ್ದರು. 20 ನಾಟ್‌ಗಿಂತ ಜಾಸ್ತಿ ಓಡುತ್ತಿತ್ತು ನಿಜ, ಆದರೆ ಹೊಗೆ ಕಾರುತ್ತಿತ್ತು, ಪದೇ ಪದೇ ಕೈಕೊಡುತ್ತಿತ್ತು. ಕೊನೆಗೆ ಆ ಇಂಜಿನುಗಳನ್ನು ಕಿತ್ತು, ಎರಡೂ ಸಬ್‌ಮರೀನುಗಳನ್ನು ಸರಕು ಸಾಗಿಸಲು ಇಟ್ಟರು. ಹೊಗೆ ಹೊರಬರುವ ಜಾಗದಿಂದ ಹಿಂದಕ್ಕೆ ಕಪ್ಪು ಪುಡಿಯನ್ನು ಒಣ ಬ್ರಷ್ಷಿನಲ್ಲಿ ಉಜ್ಜಿದೆ.

ಗೋಪುರದಿಂದ ಮೂತಿಗೆ, ಬಾಲಕ್ಕೆ ಎಳೆದಿರುವ ತಂತಿಗೆ ಕಿಟ್ಟಿನದೇ ಪ್ಲಾಸ್ಟಿಕ್ ಚೌಕಟ್ಟಿನ ತುಂಡು ಸಾಕು. ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ಕೈಯಲ್ಲಿ ಎಳೆದರೆ ಕೂದಲಿನಷ್ಟು ತೆಳ್ಳಗೆ ಎಳೆ ಬರುತ್ತದೆ. ಅಂಟಿಸಿದ ಮೇಲೆ ಜೋತುಬಿದ್ದರೆ ಹಚ್ಚಿದ ಊದುಬತ್ತಿಯ ಕೆಂಡವನ್ನು ಹತ್ತಿರ ಒಯ್ಯಿರಿ. ಮುಟ್ಟಿಸಬೇಡಿ. ಎಳೆ ತಾನಾಗಿ ಬಿಗಿಯಾಗುತ್ತದೆ. ತಂತಿಯ ಮೇಲಿನ ಇನ್ಸುಲೇಟರಿಗೆ ಫೆವಿಕಾಲಿನ ಒಂದೊಂದು ಹನಿ.

ಬಾವುಟ ಹಾರಿಸಿಲ್ಲ. ಜರ್ಮನಿಯಲ್ಲಿ ಆ ಬಾವುಟದ ಮೇಲಿನ ನಾಜಿ ಸ್ವಸ್ತಿಕ ಚಿಹ್ನೆಗೆ ಕಾನೂನಿನ ಅಡ್ಡಿ ಇರುವುದರಿಂದ ಅಲ್ಲಿನ ಕಿಟ್ಟುಗಳಲ್ಲಿ ಅದನ್ನು ಪೂರ್ತಿಯಾಗಿ ಕೊಡುವುದಿಲ್ಲ. ಸಿಕ್ಕಿದ್ದರೂ ನಾನು ಹಾಕುತ್ತಿರಲಿಲ್ಲ. ನೇತಾಜಿ ಹೋದ ಹಡಗು ಎಂದು ಮನೆಗೆ ಬಂದವರು ಖುಷಿಪಡುತ್ತಾರೆ. ಇದೇ ಯು-180 ಏಪ್ರಿಲ್ 18ರಂದು, ಬೋಸರು ಒಳಗಿದ್ದಾಗಲೇ, ಕಾರ್ಬಿಸ್ ಎಂಬ ಬ್ರಿಟಿಷ್ ತೈಲ ಹಡಗನ್ನು ಮುಳುಗಿಸಿತು ಎಂದೂ ಅವರಿಗೆ ಹೇಳುತ್ತೇನೆ. ಬ್ರಿಟಿಷ್ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರರು ಎಂಬ ಭಾರತೀಯ ನಾವಿಕರು ಸಾವಿರಾರು ಮಂದಿ ಆ ಯುದ್ಧದಲ್ಲಿ ಸತ್ತರು. ಯು-180 ಸಹ 1944ರ ಆಗಸ್ಟಿನಲ್ಲಿ ಬಿಸ್ಕೇ ಕೊಲ್ಲಿಯಲ್ಲಿ ಹೋಯಿತು, ಒಬ್ಬರೂ ಉಳಿಯಲಿಲ್ಲ.

ಸಮುದ್ರಕ್ಕೆ ಥರ್ಮೋಕೋಲ್ ಹಲಗೆ, ಅದರ ಮೇಲೆ ಮುದುಡಿ ಬಿಡಿಸಿದ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ಫೆವಿಕಾಲ್ ನೀರಿನಲ್ಲಿ ನೆನೆಸಿದ ಟಿಶ್ಯೂ. ಆಮೇಲೆ ಕಡು ನೀಲಿ, ಮೇಲೆ ಹೊಳಪಿನ ವಾರ್ನಿಷ್. ಎರಡು ಸಬ್‌ಮರೀನುಗಳು ಭೇಟಿಯಾದಾಗ ಕಡಲು ಒರಟಾಗಿತ್ತು, ದಾಟಿಸಲು ಕಾಯಬೇಕಾಯಿತು. ಹಾಗೆಂದು ಅಲೆಯನ್ನು ಗುಡ್ಡ ಮಾಡಬೇಡಿ. ಮೂರು ಮೀಟರಿನ ಅಲೆ ಎಂದರೆ ಈ ಅಳತೆಯಲ್ಲಿ ಎಂಟೂವರೆ ಮಿಲಿಮೀಟರ್ ಅಷ್ಟೇ. ಮನುಷ್ಯ ಐದು ಮಿಲಿಮೀಟರ್. ತೆಪ್ಪದಲ್ಲಿ ಕೂತವರಲ್ಲಿ ಬೋಸರು ಯಾರು ಎಂದು ಕೇಳಿದರೆ ನಾನೇ ಬೆರಳು ತೋರಿಸಬೇಕು. ಕನ್ನಡಕ ಬರೆಯಲು ಹೋಗಲಿಲ್ಲ.

ಪಕ್ಕಕ್ಕೆ ಐ-29 ಇನ್ನೂ ಆಗಬೇಕು. 108.7 ಮೀಟರ್ ಉದ್ದದ್ದು, ಮಾದರಿಯಲ್ಲಿ 31 ಸೆಂಟಿಮೀಟರ್. ಅದರ ವರ್ಗದ ಕಿಟ್ಟುಗಳು ಇದೇ ಅಳತೆಯಲ್ಲಿ ಸಿಗುತ್ತವೆ, ಕೊಯ್ಯುವ ತಾಪತ್ರಯ ಇಲ್ಲ. ಥರ್ಮೋಕೋಲಿನಲ್ಲಿ ಅದಕ್ಕೂ ಜಾಗ ಕತ್ತರಿಸಿಟ್ಟಿದ್ದೇನೆ.

ಹೊಸದಾಗಿ ಕೊಯ್ಯುವ ಕೆಲಸಕ್ಕೆ ಇಳಿಯುವವರು ಇದರಿಂದ ಶುರು ಮಾಡಬೇಡಿ. 1/72ರ 7ಸಿ ಕಿಟ್ ತೆಗೆದುಕೊಂಡು 7ಬಿ ಮಾಡಿ. 1939ರಲ್ಲಿ ಬ್ರಿಟಿಷ್ ನೌಕಾಪಡೆಯ ಬಂದರು ಸ್ಕಾಪಾ ಫ್ಲೋ ಒಳಗೆ ನುಗ್ಗಿ ರಾಯಲ್ ಓಕ್ ಯುದ್ಧಹಡಗನ್ನು ಮುಳುಗಿಸಿದ ಯು-47 ಅದೇ ಮಾದರಿ. 7ಸಿ ಅದಕ್ಕಿಂತ ಉದ್ದವಾಗಿದ್ದು ಬರೀ 60 ಸೆಂಟಿಮೀಟರ್, ಕಂಟ್ರೋಲ್ ರೂಮಿನ ಹತ್ತಿರ. ಅಂದರೆ ನಡುವಿನಿಂದ ಎಂಟು ಮಿಲಿಮೀಟರಿನ ಒಂದು ಬಿಲ್ಲೆ ತೆಗೆದು ಎರಡು ತುದಿ ಸೇರಿಸುವುದು, ಗೋಪುರವನ್ನು ಒಂಚೂರು ಗಿಡ್ಡ ಮಾಡುವುದು. ಗರಗಸದ ದಪ್ಪವನ್ನೂ ಆ ಎಂಟರಲ್ಲೇ ಲೆಕ್ಕ ಹಿಡಿಯಿರಿ.